ಬೆಸುಗೆಯ ಗುಣ ಅದರ ಅಂಚಿನಲ್ಲಿ

ದೊಡ್ಡ ಬೈಕೊಂದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅದರ ಸ್ವಿಂಗ್‌ಆರ್ಮ್ ನೋಡಿ. ಹಿಂದಿನ ಚಕ್ರವನ್ನು ಹಿಡಿದುಕೊಂಡು, ಎಂಜಿನ್ನಿನ ಹಿಂಬದಿಯ ಕೀಲಿನ ಮೇಲೆ ಏಳುತ್ತ ಇಳಿಯುತ್ತ ಇರುವ ತೋಳು ಅದು. ಅಲ್ಯೂಮಿನಿಯಂ ತುಂಡುಗಳನ್ನು ಜೋಡಿಸಿ ಮಾಡಿದ್ದಾದರೆ, ಎರಕದ ಭಾಗಕ್ಕೆ ಪೆಟ್ಟಿಗೆಯಾಕಾರದ ಕೊಳವೆ ಸೇರುವ ಕಡೆ ಸಣ್ಣದೊಂದು ಉಬ್ಬುಪಟ್ಟಿ ಕಾಣುತ್ತದೆ. ಅದೇ ಬೆಸುಗೆ. ನೋಡಿದವರೆಲ್ಲ ಮೊದಲು ಹೊಗಳುವುದು ಪಟ್ಟಿಯ ಮೇಲೆ ಒಂದರ ಹಿಂದೊಂದು ಕೂತಿರುವ ಅಲೆಗೆರೆಗಳನ್ನು. ಗೆರೆಗಳು ಸಮನಾಗಿದ್ದರೆ ‘ಎಂಥಾ ವೆಲ್ಡಿಂಗ್’ ಎನ್ನುತ್ತಾರೆ. ಗೆರೆಯೇ ಇಲ್ಲದೆ ನುಣ್ಣಗಿದ್ದರೆ, ಅಥವಾ ಪಕ್ಕದಲ್ಲಿ ಮಸಿ ಹಿಡಿದಿದ್ದರೆ, ಕಾರ್ಖಾನೆಯವರು ಕೈ ತೊಳೆದುಕೊಂಡಿದ್ದಾರೆ ಎಂದು ಮೂಗು ಮುರಿಯುತ್ತಾರೆ. ಎರಡೂ ಆತುರದ ತೀರ್ಪು. ಅಲ್ಯೂಮಿನಿಯಂ ಬೆಸುಗೆಯನ್ನು ಪರೀಕ್ಷಿಸುವುದೇ ಕಸುಬಾಗಿರುವವರು ಅಲೆಗೆರೆಯನ್ನು ಕೊನೆಗೆ ನೋಡುತ್ತಾರೆ. ಅವರ ಕಣ್ಣು ಮೊದಲು ಹೋಗುವುದು ಪಟ್ಟಿಯ ಎರಡು ಅಂಚುಗಳಿಗೆ, ಆಮೇಲೆ ಅದು ಶುರುವಾದ ಜಾಗಕ್ಕೆ, ಆಮೇಲೆ ಮುಗಿದ ಜಾಗಕ್ಕೆ.

ನಮ್ಮಲ್ಲಿ ಈ ಆತುರಕ್ಕೆ ಕಾರಣವಿದೆ. ಇಲ್ಲಿನ ಮೆಕ್ಯಾನಿಕ್ಕುಗಳ ಕಣ್ಣು ಪಳಗಿದ್ದು ಉಕ್ಕಿನ ಮೇಲೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1996ರವರೆಗೂ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಫ್ರೇಮು ಉಕ್ಕಿನ ಕೊಳವೆಯದು. ಇವತ್ತಿಗೂ ನಮ್ಮ ರಸ್ತೆಗಳ ಬಹುಪಾಲು ಬೈಕುಗಳದ್ದು ಉಕ್ಕೇ. ಯಮಹಾ ಆರ್15ರ ಫ್ರೇಮಿಗೆ ಕಂಪನಿಯ ಅಲ್ಯೂಮಿನಿಯಂ ಫ್ರೇಮುಗಳ ಡೆಲ್ಟಾಬಾಕ್ಸ್ ಎಂಬ ಹೆಸರಿದ್ದರೂ ಅದು ಉಕ್ಕಿನದು. ಕೆಟಿಎಂ 390 ಡ್ಯೂಕ್, ಟಿವಿಎಸ್ ಅಪಾಚೆ ಆರ್‌ಆರ್ 310ಗಳ ಸ್ವಿಂಗ್‌ಆರ್ಮ್ ಅಲ್ಯೂಮಿನಿಯಂನದೇ, ಆದರೆ ಎರಕ ಹೊಯ್ದದ್ದು. ಬೆಸೆದು ಕಟ್ಟಿದ ಅಲ್ಯೂಮಿನಿಯಂ ಕಾಣಬೇಕಾದರೆ ಸಾಮಾನ್ಯವಾಗಿ ಜಪಾನಿನ ದೊಡ್ಡ ಸ್ಪೋರ್ಟ್ಸ್ ಬೈಕುಗಳ ಹತ್ತಿರ ಹೋಗಬೇಕು. ಉಕ್ಕಿನಲ್ಲಿ ಪಳಗಿದ ಕಣ್ಣು ಅಲ್ಲಿ ಎಡವುತ್ತದೆ, ಏಕೆಂದರೆ ಲೋಹದ ಸ್ವಭಾವವೇ ಬೇರೆ.

ಉಕ್ಕು ಕಾದರೆ ಕೆಂಪಾಗುತ್ತದೆ, ಮುನ್ಸೂಚನೆ ಕೊಟ್ಟು ಕರಗುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸುವುದಿಲ್ಲ. 660 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಕರಗುವ ಗಳಿಗೆಯಲ್ಲೂ ಬೆಳ್ಳಗೇ ಇರುತ್ತದೆ. ಮೇಲ್ಮೈ ಸ್ವಲ್ಪ ಮಿರುಗಿತು ಅನ್ನುವಷ್ಟರಲ್ಲಿ ತೆಳು ತಗಡಾಗಿದ್ದರೆ ತೂತು ಬಿದ್ದಿರುತ್ತದೆ. ಇದರ ಮೇಲೆ ಇನ್ನೊಂದು ತೊಡಕು: ಗಾಳಿ ಸೋಕಿದ ಕ್ಷಣವೇ ಈ ಲೋಹದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಬೆಳೆಯುತ್ತದೆ. ಆ ಪೊರೆ ಕರಗಲು ಬೇಕಾದ ಶಾಖ ಎರಡು ಸಾವಿರ ಡಿಗ್ರಿಗೂ ಮೇಲೆ. ಒಳಗಿನ ಲೋಹ ನೀರಾದರೂ ಮೇಲಿನ ಪೊರೆ ಗಟ್ಟಿಯಾಗಿ ನಿಂತಿರುತ್ತದೆ. ಎರಡು ತುಂಡುಗಳ ನಡುವೆ ಅದು ಉಳಿದುಬಿಟ್ಟರೆ, ಹೊರಗಿನಿಂದ ಕೂಡಿಕೊಂಡಂತೆ ಕಂಡರೂ ಒಳಗೆ ಅವು ಬೇರೆ ಬೇರೆಯೇ. ಸಾಲದ್ದಕ್ಕೆ ಅಲ್ಯೂಮಿನಿಯಂ ಶಾಖವನ್ನು ಉಕ್ಕಿಗಿಂತ ಹಲವು ಪಟ್ಟು ವೇಗವಾಗಿ ಸಾಗಿಸುತ್ತದೆ. ನೀವು ಒಂದು ಕಡೆ ಕೊಟ್ಟ ಕಾವನ್ನು ಅದು ಇಡೀ ತುಂಡಿಗೆ ಹಂಚಿಬಿಡುತ್ತದೆ. ಹಾಗಾಗಿ ಬೆಸುಗೆಯ ಆರಂಭದಲ್ಲಿ ಕಾವು ಸಾಲದು, ಕೊನೆಗೆ ಬರುವಾಗ ಹೆಚ್ಚಾಗಿಬಿಡುತ್ತದೆ. ಅಲ್ಯೂಮಿನಿಯಂ ಬೆಸುಗೆಯ ಮುಕ್ಕಾಲು ದೋಷಗಳ ಬೇರು ಈ ಒಂದು ಗುಣದಲ್ಲಿದೆ ಎಂದು ನನಗನ್ನಿಸುತ್ತದೆ.

ಪೊರೆಯ ಸಮಸ್ಯೆಗೆ ಪರಿಹಾರ ಸಿಕ್ಕ ಬಗೆ ಸೊಗಸಾದದ್ದು. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್‌ರಾಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರೆಡಿತ್ ಎಂಬವರು, ಕರಗದ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಕಿಡಿ ಹಾಯಿಸಿ, ಸುತ್ತ ಹೀಲಿಯಂ ಅನಿಲದ ಮುಸುಕು ಹಾಕಿ ಹಗುರ ಲೋಹಗಳನ್ನು ಬೆಸೆಯುವ ವಿಧಾನ ಕಂಡುಹಿಡಿದರು. ಇವತ್ತು ಟಿಗ್ ಎಂದು ಕರೆಯುವುದು ಅದನ್ನೇ. ಈಗ ಹೆಚ್ಚಾಗಿ ಹೀಲಿಯಂ ಬದಲು ಆರ್ಗಾನ್. ಅಲ್ಯೂಮಿನಿಯಂಗೆ ಇದನ್ನು ಎಸಿ ವಿದ್ಯುತ್ತಿನಲ್ಲಿ ನಡೆಸುತ್ತಾರೆ. ಪ್ರತಿ ಆವರ್ತದ ಒಂದು ಅರ್ಧದಲ್ಲಿ ಶಾಖ ಲೋಹದೊಳಗೆ ಇಳಿಯುತ್ತದೆ, ಇನ್ನೊಂದು ಅರ್ಧದಲ್ಲಿ ಕಿಡಿ ಆಕ್ಸೈಡ್ ಪೊರೆಯನ್ನು ಒಡೆದು ಎಬ್ಬಿಸುತ್ತದೆ. ಒಳ್ಳೆಯ ಟಿಗ್ ಬೆಸುಗೆಯ ಎರಡೂ ಬದಿ ಮಂಜು ಹಿಡಿದಂಥ ಬಿಳಿ ಪಟ್ಟಿ ಕಾಣುವುದು ಇದರಿಂದಲೇ. ಅದು ಪೊರೆ ಎದ್ದುಹೋದ ಜಾಗ. ಪಟ್ಟಿ ಎರಡೂ ಕಡೆ ಒಂದೇ ಅಗಲವಿದ್ದರೆ, ಬೆಸೆಯುವ ಟಾರ್ಚು ಒಂದು ಕಡೆ ವಾಲದೆ ಸಾಗಿತ್ತು ಎಂದು ತಿಳಿಯಬಹುದು.

ಮಿಗ್ ವಿಧಾನದಲ್ಲಿ ಕಡ್ಡಿಯ ಬದಲು ತಂತಿಯೇ ಒಂದೇ ಸಮನೆ ಒಳಗೆ ಬಂದು ಕರಗುತ್ತ ಹೋಗುತ್ತದೆ. ಇದನ್ನು 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ರೂಪಿಸಿದ್ದು ಕೂಡ ಮೊದಲಿಗೆ ಅಲ್ಯೂಮಿನಿಯಂಗಾಗಿಯೇ. ಟಿಗ್‌ಗಿಂತ ಹಲವು ಪಟ್ಟು ವೇಗ, ರೋಬೋಟಿನ ಕೈಗೆ ಸುಲಭವಾಗಿ ಒಗ್ಗುವಂಥದ್ದು. ಕಾರ್ಖಾನೆಗಳಲ್ಲಿ ಉದ್ದನೆಯ ಬೆಸುಗೆಗಳು ಹೆಚ್ಚಾಗಿ ಮಿಗ್ ಆಗಿರುವುದು ಈ ಕಾರಣಕ್ಕೆ. ಮಿಗ್ ಬೆಸುಗೆಯಲ್ಲಿ ಅಲೆಗೆರೆಗಳು ಸಣ್ಣವು, ಒಮ್ಮೊಮ್ಮೆ ಕಾಣುವುದೇ ಇಲ್ಲ. ತಂತಿಯಲ್ಲಿ ಮೆಗ್ನೀಸಿಯಂ ಇದ್ದರೆ ಅದು ಆವಿಯಾಗಿ, ಸುಟ್ಟು, ಬೆಸುಗೆಯ ಪಕ್ಕ ಕಪ್ಪು ಮಸಿಯಾಗಿ ಕೂರುತ್ತದೆ. ಬಟ್ಟೆಯಲ್ಲಿ ಉಜ್ಜಿದರೆ ಅಥವಾ ಬ್ರಷ್ ಆಡಿಸಿದರೆ ಹೋಗುವ ಮಸಿ ದೋಷವಲ್ಲ. ಮಸಿಯ ಕೆಳಗಿನ ಲೋಹ ಬೆಳ್ಳಗೆ, ನಯವಾಗಿದ್ದರೆ ನಿಶ್ಚಿಂತೆಯಾಗಿರಬಹುದು. ಉಜ್ಜಿದ ಮೇಲೂ ಪಟ್ಟಿಯ ಮೈ ಬೂದುಬಣ್ಣವಾಗಿ, ಸುಕ್ಕುಸುಕ್ಕಾಗಿ, ಕರಿಮೆಣಸು ಉದುರಿಸಿದ ಹಾಗೆ ಚುಕ್ಕೆಚುಕ್ಕೆಯಾಗಿದ್ದರೆ ಮಾತ್ರ ಅನುಮಾನ. ಅನಿಲದ ಮುಸುಕು ಕೈಕೊಟ್ಟಿದೆ, ಇಲ್ಲವೇ ಲೋಹ ಕೊಳೆಯಾಗಿತ್ತು.

ಇನ್ನು ಅಲೆಗೆರೆಗಳ ವಿಚಾರ. ಟಿಗ್‌ನಲ್ಲಿ ಅವು ಹುಟ್ಟುವುದು ವೆಲ್ಡರ್ ಸಂದು ತುಂಬುವ ಫಿಲ್ಲರ್ ಕಡ್ಡಿಯನ್ನು ಒಂದೇ ಲಯದಲ್ಲಿ ಕರಗಿದ ಲೋಹಕ್ಕೆ ಅದ್ದುತ್ತ ಹೋಗುವುದರಿಂದ. ಗೆರೆಗಳ ನಡುವಿನ ಅಂತರ ಸಮವಾಗಿದ್ದರೆ ಕೈ ಸ್ಥಿರವಾಗಿತ್ತು ಎಂದು ಅರ್ಥ, ಅದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಅದಕ್ಕಿಂತ ಹೆಚ್ಚಿನ ಸಾಕ್ಷಿ ಅದರಲ್ಲಿಲ್ಲ. ಡಬಲ್ ಪಲ್ಸ್ ಇರುವ ಮಿಗ್ ಯಂತ್ರದಲ್ಲಿ ವಿದ್ಯುತ್ ಪ್ರವಾಹವನ್ನು ಏರಿಳಿಸಿ ಅಂಥದೇ ಗೆರೆಗಳನ್ನು ಬರಿಸಬಹುದು. ಕಡಿಮೆ ಕಾವಿನಲ್ಲಿ ಲೋಹವನ್ನು ಮೇಲೆ ಮೇಲೆಯೇ ಪೇರಿಸಿದರೂ ಗೆರೆ ಚೆನ್ನಾಗಿಯೇ ಬರುತ್ತದೆ, ಒಳಗೆ ಬೆಸೆದಿರುವುದಿಲ್ಲ ಅಷ್ಟೆ.

ಹಾಗಾದರೆ ಅಂಚಿನಲ್ಲಿ ಏನು ನೋಡಬೇಕು? ಬೆಸುಗೆಯ ಉಬ್ಬು ಇಳಿದು ಮೂಲ ಲೋಹವನ್ನು ಸೇರುವ ಗೆರೆ ಅದು. ಒಳ್ಳೆಯ ಬೆಸುಗೆಯಲ್ಲಿ ಈ ಸೇರುವಿಕೆ ನಿಧಾನವಾಗಿ, ಮೆಟ್ಟಿಲಿಲ್ಲದೆ ನಡೆದಿರುತ್ತದೆ. ಉಗುರನ್ನು ಉಬ್ಬಿನಿಂದ ಲೋಹದ ಕಡೆಗೆ ಜಾರಿಸಿದರೆ ಎಲ್ಲೂ ತಡೆಯಬಾರದು. ಉಬ್ಬು ದುಂಡಗೆ ಕೂತು ಅಂಚಿನಲ್ಲಿ ಒಳಕ್ಕೆ ಮಡಚಿದಂತಿದ್ದರೆ, ಕರಗಿದ ಲೋಹ ಕೆಳಗಿನ ತುಂಡನ್ನು ಕರಗಿಸದೆ ಅದರ ಮೇಲೆ ಸುಮ್ಮನೆ ಮಲಗಿದೆ ಎಂದರ್ಥ. ಬೆಸುಗೆ ಹುಟ್ಟುವಾಗಲೇ ಅಲ್ಲೊಂದು ಬಿರುಕು ಇಟ್ಟಂತಾಯಿತು. ಇದಕ್ಕೆ ವಿರುದ್ಧ ದೋಷ ಅಂಡರ್‌ಕಟ್: ಅಂಚಿನ ಉದ್ದಕ್ಕೂ ಸಣ್ಣ ಕಾಲುವೆ ಕೊರೆದಿರುತ್ತದೆ. ಮೂಲ ಲೋಹ ಕರಗಿತು, ಆದರೆ ಆ ಜಾಗ ತುಂಬಲಿಲ್ಲ. ಎರಡರಲ್ಲೂ ಅಪಾಯ ಒಂದೇ. ಎಳೆತ ಆ ಗೆರೆಯಲ್ಲಿ ಒಟ್ಟುಗೂಡುತ್ತದೆ. ಉಕ್ಕಿಗೆ ಒಂದು ಮಿತಿಯ ಕೆಳಗಿನ ಎಳೆತವನ್ನು ಎಷ್ಟು ಸಲ ಬೇಕಾದರೂ ತಾಳಿಕೊಳ್ಳುವ ಶಕ್ತಿಯಿದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಎಳೆತವೂ ಸಾಕಷ್ಟು ಸಲ ಮರುಕಳಿಸಿದರೆ ಲೆಕ್ಕಕ್ಕೆ ಸೇರುತ್ತದೆ. ಸ್ವಿಂಗ್‌ಆರ್ಮ್ ಪ್ರತಿ ಗುಂಡಿಗೂ ಬಾಗಿ ನೆಟ್ಟಗಾಗುವ ಭಾಗ, ಅದರ ಮೇಲಿನ ಒಂದು ಕಾಲುವೆಗೆರೆ ಯಾವತ್ತೂ ಬಿಡುವು ಕಾಣುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಜನ ಗಮನಿಸದ್ದು. ಸ್ವಿಂಗ್‌ಆರ್ಮಿನ ಕೀಲಿನ ಹತ್ತಿರ ದಪ್ಪನೆಯ ಎರಕದ ತುಂಡಿಗೆ ತೆಳು ಗೋಡೆಯ ಕೊಳವೆ ಸೇರುತ್ತದೆ. ದಪ್ಪ ತುಂಡು ಕಾವನ್ನು ಕುಡಿದುಬಿಡುತ್ತದೆ, ತೆಳು ಗೋಡೆ ಬೇಗ ಕರಗುತ್ತದೆ. ಆದ್ದರಿಂದ ಬೆಸೆಯುವವರು ಕಿಡಿಯನ್ನು ದಪ್ಪದ ಕಡೆಗೆ ತುಸು ಹೆಚ್ಚು ತಿರುಗಿಸಬೇಕು. ತಿರುಗಿಸಿದ್ದಾರೋ ಇಲ್ಲವೋ ಎಂಬುದು ಎರಡು ಅಂಚುಗಳನ್ನು ಹೋಲಿಸಿದರೆ ಗೊತ್ತಾಗುತ್ತದೆ. ತೆಳು ಬದಿಯ ಅಂಚು ನಯವಾಗಿ ಬೆರೆತು, ದಪ್ಪ ಬದಿಯ ಅಂಚು ಮಡಚಿಕೊಂಡಿದ್ದರೆ, ಕಾವು ತಪ್ಪು ಕಡೆ ಹೋಗಿದೆ. ಅದಕ್ಕೇ ಅನುಭವಿಗಳು ಯಾವಾಗಲೂ ದಪ್ಪ ತುಂಡಿನ ಕಡೆಯ ಅಂಚನ್ನೇ ಮೊದಲು ನೋಡುತ್ತಾರೆ. ಎರಕದ ಬದಿಯಲ್ಲಿ ಸೂಜಿಮೊನೆಯಷ್ಟು ರಂಧ್ರಗಳ ಸಾಲು ಕಂಡರೆ ಅದಕ್ಕೆ ಕಾರಣ ಬೇರೆ. ಅಚ್ಚಿನೊಳಗೆ ಒತ್ತಡದಿಂದ ಲೋಹ ನುಗ್ಗಿಸುವಾಗ ಸಿಕ್ಕಿಕೊಂಡ ಅನಿಲ, ಮತ್ತೆ ಕಾದಾಗ ಹಿಗ್ಗಿ ಹೊರಬರುತ್ತದೆ. ಮಾಮೂಲಿ ಡೈಕಾಸ್ಟಿಂಗನ್ನು ಬೆಸೆಯಲು ಕಾರ್ಖಾನೆಗಳು ಹಿಂಜರಿಯುತ್ತಿದ್ದುದು ಈ ಕಾರಣಕ್ಕೆ.

ರಂಧ್ರಗಳಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಜಲಜನಕ. ಕರಗಿದ ಅಲ್ಯೂಮಿನಿಯಂ ಜಲಜನಕವನ್ನು ಆಸೆಯಿಂದ ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಅದರ ಬಹುಪಾಲನ್ನು ಹೊರಹಾಕುತ್ತದೆ. ಹೊರಗೆ ಹೋಗಲು ಸಮಯ ಸಿಗದ ಅನಿಲ ಗುಳ್ಳೆಯಾಗಿ ಒಳಗೇ ಉಳಿಯುತ್ತದೆ. ಜಲಜನಕ ಬರುವುದು ತೇವದಿಂದ, ಎಣ್ಣೆಯಿಂದ, ಗ್ರೀಸಿನಿಂದ, ತಂತಿಯ ಮೇಲೆ ಕೂತ ತೇವದ ಪೊರೆಯಿಂದ. ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿ ಬೆಸೆಯುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಶಿಸ್ತಿನ ವೆಲ್ಡರು ಮೊದಲು ಅಸಿಟೋನಿನಲ್ಲಿ ಎಣ್ಣೆ ಒರೆಸುತ್ತಾರೆ, ಆಮೇಲೆ ಅಲ್ಯೂಮಿನಿಯಂಗೆಂದೇ ಬೇರೆ ಇಟ್ಟಿರುವ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್ ಆಡಿಸುತ್ತಾರೆ. ಈ ಅನುಕ್ರಮ ಹಿಂದುಮುಂದಾದರೆ ಬ್ರಷ್ಷು ಎಣ್ಣೆಯನ್ನು ಲೋಹದೊಳಕ್ಕೇ ಉಜ್ಜುತ್ತದೆ. ಕಾರ್ಖಾನೆಯ ಬೆಸುಗೆ ಬೀದಿಬದಿಯ ಬೆಸುಗೆಯನ್ನು ಮೀರಿಸುವುದು ಕೈಚಳಕದಲ್ಲಿ ಅನ್ನುವುದಕ್ಕಿಂತ, ಈ ತೊಳೆಯುವ, ಒಣಗಿಸುವ, ಮುಚ್ಚಿಡುವ ಶಿಸ್ತಿನಲ್ಲಿ. ಕೈಚಳಕದಲ್ಲಿ ಸಾಟಿಯಿಲ್ಲದವರು ಸಣ್ಣ ವರ್ಕ್‌ಶಾಪುಗಳಲ್ಲೂ ಇದ್ದಾರೆ.

ಆರಂಭ ಮತ್ತು ಅಂತ್ಯಕ್ಕೆ ಬರೋಣ. ಕಾವಲಿ ಕಾಯುವ ಮೊದಲೇ ಹೊಯ್ದ ಮೊದಲ ದೋಸೆಯ ಸ್ಥಿತಿಯೇ ಮಿಗ್ ಬೆಸುಗೆಯ ಮೊದಲ ಅರ್ಧ ಇಂಚಿನದ್ದು. ಲೋಹ ಇನ್ನೂ ತಣ್ಣಗಿರುತ್ತದೆ. ತಂತಿ ಕರಗಿ ಬಿದ್ದದ್ದು ಹರಡಿಕೊಳ್ಳದೆ ಗುಡ್ಡೆಯಾಗಿ ನಿಲ್ಲುತ್ತದೆ. ಒಳ್ಳೆಯ ರೋಬೋಟ್ ಪ್ರೋಗ್ರಾಮಿನಲ್ಲಿ ಮೊದಲ ಕ್ಷಣಗಳಲ್ಲಿ ಪ್ರವಾಹ ಹೆಚ್ಚು ಕೊಟ್ಟು, ಆಮೇಲೆ ಇಳಿಸುತ್ತಾರೆ. ಹಾಗೆ ಮಾಡಿದ ಕಡೆ ಆರಂಭಕ್ಕೂ ನಡುವಿಗೂ ಉಬ್ಬಿನ ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಅಂತ್ಯದಲ್ಲಿ ಬೇರೆ ಅಪಾಯ. ಕಿಡಿ ಥಟ್ಟನೆ ನಿಂತರೆ ಕರಗಿದ ಲೋಹದ ಕೊನೆಯ ಕೊಳ ಗುಳಿಬಿದ್ದು ಗಟ್ಟಿಯಾಗುತ್ತದೆ. ಅಲ್ಯೂಮಿನಿಯಂ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇ. 6ರಷ್ಟು ಕುಗ್ಗುವುದರಿಂದ ಆ ಗುಳಿಯ ನಡುವೆ ನಕ್ಷತ್ರದಂಥ ಬಿರುಕು ಮೂಡಬಹುದು. ಅದಕ್ಕೇ ಕೊನೆಯಲ್ಲಿ ಪ್ರವಾಹವನ್ನು ಮೆಲ್ಲಗೆ ಇಳಿಸಿ, ಗುಳಿ ತುಂಬಿಸಿ, ಸಾಧ್ಯವಾದರೆ ಒಂದಿಷ್ಟು ಹಿಂದಕ್ಕೆ ಬಂದು ಮುಗಿಸುತ್ತಾರೆ. ಯಾವುದೇ ಬೈಕಿನ ಬೆಸುಗೆಯ ಕೊನೆಯಲ್ಲಿ ಗುಳಿಯಿದ್ದರೆ ಅಲ್ಲಿ ಟಾರ್ಚಿನ ಬೆಳಕು ಬಿಟ್ಟು ನೋಡಿ. ಗುಳಿ ತುಂಬಿದ್ದರೆ, ಕೊನೆ ಎಲ್ಲಿದೆ ಎಂದು ಗಮನಿಸಿ. ಮೂಲೆಯಲ್ಲಿ, ಅಥವಾ ಬಲ ಕೊಡಲು ಹಚ್ಚಿದ ತ್ರಿಕೋನ ತಗಡಿನ ತುದಿಯಲ್ಲಿ ಬೆಸುಗೆ ನಿಲ್ಲಬಾರದು. ಎಳೆತ ಅತಿ ಹೆಚ್ಚಿರುವುದು ಅಲ್ಲೇ. ಬಲ್ಲವರು ಮೂಲೆಯನ್ನು ಸುತ್ತಿಕೊಂಡು ಹೋಗಿ, ನೇರವಾದ, ಎಳೆತ ಕಡಿಮೆಯಿರುವ ಜಾಗದಲ್ಲಿ ಮುಗಿಸುತ್ತಾರೆ. ನಾನು ಕಾರ್ಖಾನೆಯ ಬೆಸುಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಮೂಲೆ ಸುತ್ತುವ ಈ ಜಾಣ್ಮೆಯನ್ನು. ಮೂಲೆಯಲ್ಲಿ ಟಾರ್ಚಿನ ಕೋನ ಬದಲಾಗಬೇಕು, ವೇಗ ತಗ್ಗಬಾರದು, ಅಂಚು ಕೊರೆಯಬಾರದು, ಗುಡ್ಡೆ ನಿಲ್ಲಬಾರದು. ಇಷ್ಟನ್ನೂ ಸಾಧಿಸಿದ ಪಟ್ಟಿ ನೇರ ಭಾಗದಲ್ಲಿ ಎಷ್ಟೇ ಸಾಧಾರಣವಾಗಿ ಕಂಡರೂ ಅದರ ಹಿಂದೆ ಯೋಚಿಸಿದವರು ಇದ್ದಾರೆ.

ಯೋಚನೆ ಶುರುವಾಗುವುದು ವೆಲ್ಡರಿಗಿಂತ ಬಹಳ ಮೊದಲು, ವಿನ್ಯಾಸದ ಮೇಜಿನಲ್ಲಿ. ಬೆಸೆದ ಜಾಗದ ಸುತ್ತ ಅಲ್ಯೂಮಿನಿಯಂ ಮೆತ್ತಗಾಗುತ್ತದೆ. 6061 ಎಂಬ ಜನಪ್ರಿಯ ಮಿಶ್ರಲೋಹ ಶಾಖಸಂಸ್ಕಾರದ ನಂತರ ಸುಮಾರು 310 ಮೆಗಾಪ್ಯಾಸ್ಕಲ್ ಎಳೆತ ತಾಳಬಲ್ಲದು. ಬೆಸೆದ ಮೇಲೆ ಹಾಗೇ ಬಿಟ್ಟರೆ ವಿನ್ಯಾಸಕರು 165ರಷ್ಟನ್ನೇ ನಂಬುತ್ತಾರೆ, ಅಂದರೆ ಹೆಚ್ಚುಕಡಿಮೆ ಅರ್ಧ. ಜಪಾನಿನವರು ಇದಕ್ಕೆ ಸತು ಮತ್ತು ಮೆಗ್ನೀಸಿಯಂ ಬೆರೆತ 7000 ಸರಣಿಯ ಮಿಶ್ರಲೋಹಗಳಲ್ಲಿ ಉತ್ತರ ಕಂಡುಕೊಂಡರು. ಅದರಲ್ಲಿ 7ಎನ್01 ಎಂಬುದು ಅವರ ರೈಲು ಬೋಗಿಗಳಿಗೂ ಬಳಕೆಯಾಗಿದೆ. ಈ ಲೋಹ ಬೆಸೆದ ಮೇಲೆ ಮತ್ತೆ ಕುಲುಮೆಗೆ ಹೋಗದೆ, ಸುಮ್ಮನೆ ಇಟ್ಟಲ್ಲೇ ಕೆಲವು ವಾರಗಳಲ್ಲಿ ಕಳೆದುಕೊಂಡ ಬಲದ ದೊಡ್ಡ ಪಾಲನ್ನು ಮರಳಿ ಪಡೆಯುತ್ತದೆ. ಅಲ್ಯೂಮಿನಿಯಂ ಫ್ರೇಮು ಸಾವಿರಗಟ್ಟಲೆ ಸಂಖ್ಯೆಯಲ್ಲಿ ತಯಾರಾಗಬಹುದು ಎಂಬ ಧೈರ್ಯದ ಹಿಂದೆ ಈ ಗುಣದ ಪಾಲು ದೊಡ್ಡದು.

ಆ ಧೈರ್ಯ 1980ರ ದಶಕದಲ್ಲಿ ಬಂತು. ಸುಜುಕಿಯ ಆರ್‌ಜಿ250 ಗಾಮಾ 1983ರಲ್ಲಿ ಅಲ್ಯೂಮಿನಿಯಂ ಫ್ರೇಮನ್ನು ಸಾಮಾನ್ಯ ಗ್ರಾಹಕರ ಕೈಗೆ ತಂದಿತು. 1985ರ ಜಿಎಸ್‌ಎಕ್ಸ್-ಆರ್750ರ ಫ್ರೇಮ್ ಸುಮಾರು 8 ಕೆ.ಜಿ. ತೂಗುತ್ತಿತ್ತು, 750 ಸಿಸಿ ಬೈಕಿನ ಒಣತೂಕ 180 ಕೆ.ಜಿ.ಗಿಂತ ಕೆಳಗಿಳಿಯಿತು. ಅದೇ ಕಾಲದಲ್ಲಿ ಬಾರ್ಸಿಲೋನಾದ ಎಂಜಿನಿಯರ್ ಆಂಟೋನಿಯೊ ಕೋಬಾಸ್, ಸ್ಟೀರಿಂಗ್ ಹೆಡ್‌ನಿಂದ ಸ್ವಿಂಗ್‌ಆರ್ಮಿನ ಕೀಲಿಗೆ ಎರಡು ಅಗಲವಾದ ಅಲ್ಯೂಮಿನಿಯಂ ತೊಲೆಗಳನ್ನು ನೇರವಾಗಿ ಹಾಯಿಸುವ ರೇಸ್ ಫ್ರೇಮುಗಳನ್ನು ಕಟ್ಟಿದರು. ಯಮಹಾ ತನ್ನ ರೇಸ್ ಬೈಕುಗಳ ಡೆಲ್ಟಾಬಾಕ್ಸ್ ಫ್ರೇಮನ್ನು 1985ರ ಟಿಝಡ್‌ಆರ್250ರ ಮೂಲಕ ರಸ್ತೆಗೆ ತಂದಿತು. ಇಂಥ ಫ್ರೇಮುಗಳಲ್ಲಿ ಬೆಸುಗೆ ಎಲ್ಲಿದೆ ಎಂದು ಹುಡುಕುವುದೇ ಒಂದು ಪಾಠ. ತೊಲೆ ಬಾಗುವಾಗ ಅದರ ಮೇಲಂಚು, ಕೆಳಂಚುಗಳಲ್ಲಿ ಎಳೆತ ಹೆಚ್ಚು, ನಡುಮಟ್ಟದಲ್ಲಿ ಕಡಿಮೆ. ಉದ್ದದ ಬೆಸುಗೆಯನ್ನು ನಡುಮಟ್ಟದ ಹತ್ತಿರಕ್ಕೆ ತಂದಿದ್ದರೆ ವಿನ್ಯಾಸಕರು ವೆಲ್ಡರಿನ ಕೆಲಸವನ್ನು ಮೊದಲೇ ಹಗುರ ಮಾಡಿದ್ದಾರೆ. ಕೀಲಿನ ಸುತ್ತ ದಪ್ಪ ಎರಕ ಹಾಕಿ, ಬೆಸುಗೆಯನ್ನು ಆ ಕೀಲಿನಿಂದ ದೂರ ಸರಿಸುವುದು ಕೂಡ ಅದೇ ಯೋಚನೆ. ಮುಂದೆ ನಿರ್ವಾತದ ನೆರವಿನಿಂದ ಅನಿಲ ಸಿಕ್ಕಿಕೊಳ್ಳದ ಹಾಗೆ ಎರಕ ಹೊಯ್ಯುವುದು ಸಾಧ್ಯವಾದಾಗ ತುಂಡುಗಳು ದೊಡ್ಡವಾದವು, ಬೆಸುಗೆಗಳು ಕಡಿಮೆಯಾದವು. 2003ರ ಯಮಹಾ ಆರ್6ರ ಮುಖ್ಯ ಫ್ರೇಮಿನಲ್ಲಿ ಉಳಿದದ್ದು ಎರಡೇ ಬೆಸುಗೆ. ಬೆಸುಗೆ ಕಡಿಮೆಯಿರುವ ಫ್ರೇಮನ್ನು ನೋಡಿ ಕೆಲವರಿಗೆ ನಿರಾಸೆಯಾಗುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಇರುವ ಎರಡನ್ನು ಇಡಲು ಅವರು ಆರಿಸಿದ ಜಾಗ ನೋಡುವುದರಲ್ಲೇ ಸಂತೋಷವಿದೆ.

ಕಣ್ಣಿಗೆ ಕಾಣದ್ದನ್ನು ಕಾರ್ಖಾನೆ ಬೇರೆ ರೀತಿಯಲ್ಲಿ ನೋಡುತ್ತದೆ. ಸಾಲಿನಿಂದ ಆಗಾಗ ಒಂದು ತುಂಡನ್ನು ತೆಗೆದು ಬೆಸುಗೆಗೆ ಅಡ್ಡಲಾಗಿ ಕತ್ತರಿಸುತ್ತಾರೆ. ಕತ್ತರಿಸಿದ ಮುಖವನ್ನು ಉಜ್ಜಿ ಕನ್ನಡಿಯಂತೆ ಮಾಡಿ, ಕಾಸ್ಟಿಕ್ ಸೋಡಾ ದ್ರಾವಣ ಹಚ್ಚಿದರೆ ಕರಗಿದ ಲೋಹ ಮತ್ತು ಕರಗದ ಲೋಹ ಬೇರೆ ಬೇರೆ ಛಾಯೆಯಲ್ಲಿ ಮೂಡುತ್ತವೆ. ಬೆಸುಗೆ ಎರಡೂ ತುಂಡುಗಳೊಳಗೆ ಎಷ್ಟು ಇಳಿದಿದೆ, ಮೂಲೆಯ ಬೇರಿನವರೆಗೆ ಮುಟ್ಟಿದೆಯೇ, ಒಳಗೆ ಗುಳ್ಳೆಗಳೆಷ್ಟು ಎಂಬುದೆಲ್ಲ ಆಗ ಅಳತೆಗೆ ಸಿಗುತ್ತದೆ. ಅಳತೆಗೆ ಮಾನದಂಡವೂ ಇದೆ. ಅಲ್ಯೂಮಿನಿಯಂ ಆರ್ಕ್ ಬೆಸುಗೆಯ ಲೋಪಗಳಿಗೆ ಐಎಸ್‌ಒ 10042 ಬಿ, ಸಿ, ಡಿ ಎಂಬ ಮೂರು ದರ್ಜೆಗಳನ್ನು ನಿಗದಿ ಮಾಡಿದೆ, ಬಿ ಎಲ್ಲಕ್ಕಿಂತ ಬಿಗಿಯಾದದ್ದು. ಅದನ್ನು ಓದಿದವರಿಗೆ ಒಂದು ವಿಷಯ ಹೊಳೆಯುತ್ತದೆ: ಅತ್ಯುತ್ತಮ ದರ್ಜೆಯೂ ಲೋಪವೇ ಇರಬಾರದು ಎನ್ನುವುದಿಲ್ಲ. ಬಿರುಕಿಗೆ ಕ್ಷಮೆಯಿಲ್ಲ, ಸಣ್ಣ ಗುಳ್ಳೆಗೆ ಮಿತಿಯೊಳಗೆ ಅವಕಾಶವಿದೆ. ದುಂಡನೆಯ ಗುಳ್ಳೆಯ ಸುತ್ತ ಎಳೆತ ಹಂಚಿಹೋಗುತ್ತದೆ, ಚೂಪು ತುದಿಯ ಬಿರುಕಿನಲ್ಲಿ ಅದು ಒಂದೇ ಕಡೆ ಕೂಡುತ್ತದೆ.

ಬಿರುಕು ಹುಡುಕಲು ವರ್ಕ್‌ಶಾಪಿನಲ್ಲೂ ಮಾಡಬಹುದಾದ ಪರೀಕ್ಷೆ ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್. ಬಣ್ಣ ಕಳಚಿ ಚೊಕ್ಕ ಮಾಡಿದ ಬೆಸುಗೆಯ ಮೇಲೆ ಕೆಂಪು ದ್ರವ ಸಿಂಪಡಿಸಿ, ಅದು ಒಳಗಿಳಿಯುವಷ್ಟು ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿ ಡೆವಲಪರ್ ಹಾಕುತ್ತಾರೆ. ಬಿರುಕಿದ್ದರೆ ಒಳಗೆ ಉಳಿದ ಕೆಂಪು ಹೊರಗೆ ಜಿನುಗಿ ಗೆರೆಯಾಗಿ ಕಾಣುತ್ತದೆ. ಮೇಲ್ಮೈಗೆ ತೆರೆದುಕೊಂಡ ಬಿರುಕನ್ನಷ್ಟೇ ಇದು ತೋರಿಸಬಲ್ಲದು. ಆದರೆ ಬಳಕೆಯಲ್ಲಿ ಹುಟ್ಟುವ ಬಿರುಕುಗಳು ಬಹುಮಟ್ಟಿಗೆ ಅಂಚಿನಿಂದ, ಹೊರಮೈಯಿಂದಲೇ ಶುರುವಾಗುವುದರಿಂದ ಈ ಅಗ್ಗದ ಪರೀಕ್ಷೆಗೆ ಬಹಳ ಬೆಲೆಯಿದೆ.

ಸೆಕೆಂಡ್‌ಹ್ಯಾಂಡ್ ಬೈಕ್ ಕೊಳ್ಳುವವರು ಈ ಕಣ್ಣನ್ನು ಬೆಳೆಸಿಕೊಂಡರೆ ಕಾರ್ಖಾನೆಯ ಬೆಸುಗೆಯ ನಡುವೆ ಆಮೇಲೆ ಸೇರಿಸಿದ ಬೆಸುಗೆಯನ್ನು ಗುರುತಿಸಬಹುದು. ಎಡ ಬಲಗಳನ್ನು ಹೋಲಿಸಿ. ರೋಬೋಟ್ ಹಾಕಿದ ಪಟ್ಟಿಗಳ ಆರಂಭ, ಅಂತ್ಯ, ಅಗಲ ಎರಡೂ ಕಡೆ ಒಂದನ್ನೊಂದು ಹೋಲುತ್ತವೆ. ಒಂದು ಕಡೆ ಮಾತ್ರ ಗ್ರೈಂಡರ್ ಆಡಿಸಿ ಸಪಾಟು ಮಾಡಿದ್ದರೆ ಕಾರಣ ಕೇಳಬೇಕು. ಆನೋಡೈಸ್ ಮಾಡಿದ ಭಾಗವಾದರೆ ಬಣ್ಣವೇ ಮಾತಾಡುತ್ತದೆ: ಸಿಲಿಕಾನ್ ಇರುವ 4043 ಫಿಲ್ಲರಿನಿಂದ ಬೆಸೆದ ಪಟ್ಟಿ ಆನೋಡೈಸ್ ಆದಾಗ ಗಾಢ ಬೂದುಬಣ್ಣಕ್ಕೆ ತಿರುಗುತ್ತದೆ, ಮೆಗ್ನೀಸಿಯಂ ಇರುವ 5356 ಮೂಲ ಲೋಹದ ಬಣ್ಣಕ್ಕೆ ಹತ್ತಿರವಿರುತ್ತದೆ. ಆನೋಡೈಸ್ ಮಾಡಿದ ತೋಳಿನ ಒಂದೇ ಒಂದು ಪಟ್ಟಿ ಹೊಳೆಯುವ ಬೆಳ್ಳಿಯಾಗಿದ್ದರೆ, ಆನೋಡೈಸ್ ಆದ ಮೇಲೆ ಅದನ್ನು ಯಾರೋ ಬೆಸೆದಿದ್ದಾರೆ. ಬಣ್ಣ ಬಳಿದ ಫ್ರೇಮಿನಲ್ಲಿ ಬೆಸುಗೆಯ ಅಂಚಿಗೆ ಸಮಾನಾಂತರವಾಗಿ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ, ಒರೆಸಿ, ಕೆಲವು ದಿನ ಓಡಿಸಿದ ಮೇಲೆ ಮತ್ತೆ ನೋಡಿ. ಗೆರೆ ಮರಳಿದ್ದರೆ ಅಲ್ಲಿ ಬಣ್ಣವಷ್ಟೇ ಬಿರಿದಿಲ್ಲ, ಲೋಹದ ಎರಡು ಮುಖಗಳು ಒಂದನ್ನೊಂದು ಉಜ್ಜುತ್ತಿವೆ.

ಅಂಥ ಬಿರುಕನ್ನು ಬೆಸೆದು ಸರಿಪಡಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬಿರುಕಿನ ತುದಿಯವರೆಗೆ ಪೂರ್ತಿ ಕೊರೆದು ತೆಗೆದು, ಎಣ್ಣೆಯ ಕುರುಹೂ ಇಲ್ಲದಂತೆ ಚೊಕ್ಕ ಮಾಡಿ, ಅಳತೆ ತಪ್ಪದಂತೆ ಫ್ರೇಮನ್ನು ಜಿಗ್‌ನಲ್ಲಿ ಬಿಗಿದು ಬೆಸೆಯಬಲ್ಲವರಿದ್ದಾರೆ. ಆದರೂ 6000 ಸರಣಿಯ ಲೋಹವಾದರೆ ಸುತ್ತಲಿನ ಮೆತ್ತಗಾದ ಭಾಗ ಹಾಗೇ ಮೆತ್ತಗೆ ಉಳಿಯುತ್ತದೆ, 7000 ಸರಣಿಯಾದರೆ ವಾರಗಳಲ್ಲಿ ಬಹಳಷ್ಟು ಚೇತರಿಸಿಕೊಳ್ಳುತ್ತದೆ. ಫಿಲ್ಲರ್ ಯಾವುದೆಂಬ ಆಯ್ಕೆಯೂ ಇದರ ಮೇಲೇ ನಿಂತಿದೆ, ತಪ್ಪಾದರೆ ತಣಿಯುವಾಗಲೇ ಹೊಸ ಬಿರುಕು ಬರುತ್ತದೆ. ಆದ್ದರಿಂದ ಟಾರ್ಚ್ ಹೊತ್ತಿಸುವ ಮೊದಲು ‘ಇದು ಯಾವ ಅಲಾಯ್?’ ಎಂದು ಕೇಳುವ ವೆಲ್ಡರು ಸಿಕ್ಕರೆ, ಅವರು ಹೇಳಿದಷ್ಟು ದಿನ ಬೈಕನ್ನು ಅವರ ಬಳಿಯೇ ಬಿಡಿ.